ಹಿಟ್ಟಿನ ಗಿರಣಿಯವನ ಹಾಡುಗಳು

ಮೂವತ್ತೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದವನ ಕಿವಿ ಹೇಗಿರಬೇಕೋ ನನ್ನ ಕಿವಿಗಳೂ ಹಾಗೇ ಇವೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಹೋದ ತಿಂಗಳು ಯಾದಗಿರಿಯಲ್ಲಿ ಮಷಿನ್ ಹಾಕಿಸಿಕೊಂಡೆ. ಈ ಕಿವಿಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಕೇಳಬೇಕಾದ್ದನ್ನು ಈಗಲೇ ಕೇಳಿಕೊಳ್ಳಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಬಸ್ಸಿನಲ್ಲಿ ಶಹಾಪುರಕ್ಕೆ ವಾಪಸು ಬರುವಾಗ, ನಾನು ಕೇಳಬೇಕಾದ್ದು ಅಂಥದ್ದೇನಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಕಂಡಕ್ಟರನ ಸೀಟಿಯೊಂದೇ ಕಿವಿಗೆ ಚುಚ್ಚುತ್ತಿತ್ತು.

ಮಗಳು ಸುರಪುರದಲ್ಲಿ ಶಾಲೆ ಟೀಚರು. ಮಷಿನ್ ಹೇಗೆ ಕೇಳಿಸುತ್ತದೆ ಎಂದು ನೋಡಲು ಭಾನುವಾರ ಬೆಳಿಗ್ಗೆ ಬಂದಳು. ಬಂದವಳೇ ಮೊಬೈಲು ನನ್ನ ಮುಂದಿಟ್ಟು ಒಂದು ಆಟ ಹೂಡಿದಳು.

"ಅಪ್ಪಾ, ಇದರಾಗಿನ ಹಾಡೆಲ್ಲ ಕಲಸಿ ಬಿಡತೀನಿ. ಮೊದಲು ಬಂದಿದ್ದು ನೀ ಹುಟ್ಟಿದ್ದಕ್ಕ, ಎರಡನೇದು ಸಾಲಿಗಿ, ಮೂರನೇದು ಮದವಿಗಿ, ನಾಕನೇದು ದುಡಿಮಿಗಿ. ಕಡೀದು ಕಡೀಗಿ. ನಿನ್ನ ಬಾಳೇವು ಸಿನಿಮಾ ಆದ್ರ ಯಾವ ಹಾಡು ಇರತಾವ ನೋಡೂಣು."

"ನಮ್ಮ ಸಿನಿಮಾಕ್ಕ ಹಾಡು ಯಾಕ ಬೇಕು? ಇಂಜಿನ್ನಿನ ಸಪ್ಪಳ ಹಾಕಿದ್ರ ಸಾಕು" ಎಂದೆ. ಹೆಂಡತಿ ಎದುರಿಗೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

ನಾನು ಹುಟ್ಟಿದ್ದಕ್ಕೆ ಬಂದದ್ದು ತೆಲುಗು ಹಾಡು. ಅಳಿಯ ತೆಲುಗು ಗಡಿಯ ಗುರುಮಠಕಲ್ ಕಡೆಯವನು, ಅವನು ತುಂಬಿಸಿದ್ದಂತೆ. ಒಂದಕ್ಷರ ತಿಳಿಯಲಿಲ್ಲ ಎಂದು ಗೊಣಗಿದೆ. "ಹುಟ್ಟಿದಾಗ ನಿಮಗ ಏನು ತಿಳೀತಿತ್ತು? ಸರಿಯಾಗೇ ಬಂದೈತಿ ಬಿಡ್ರಿ" ಎಂದಳು ಹೆಂಡತಿ. ಶಾಲೆಗೆ ಕವ್ವಾಲಿ ಬಂತು. ಅದೂ ಸರಿಯೇ. ನಮ್ಮ ಶಾಲೆಯ ಹಿಂದೆಯೇ ದರ್ಗಾ ಇತ್ತು, ಗುರುವಾರ ಅಲ್ಲಿ ಸಕ್ಕರೆ ಹಂಚುತ್ತಿದ್ದರು, ನನ್ನ ಹಾಜರಿ ಶಾಲೆಗಿಂತ ಅಲ್ಲೇ ಹೆಚ್ಚು. ಮದುವೆಗೆ ಮಾತ್ರ ಹಾಡೇ ಬರಲಿಲ್ಲ, ಬೋರ್‌ವೆಲ್ ಮೋಟರಿನ ಜಾಹೀರಾತು ಬಂತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮದುವೆಯೂ ಹಾಗೇ ಆಗಿತ್ತು, ಬ್ಯಾಂಡಿನವರು ಬಂದು ಮುಟ್ಟುವ ಹೊತ್ತಿಗೆ ಅಕ್ಕಿಕಾಳು ಬಿದ್ದು ಊಟಕ್ಕೆ ಎಲೆ ಹಾಕಿದ್ದರು.

ನಾಲ್ಕನೆಯದು ದುಡಿಮೆಗೆ.

ಇಲ್ಲಿ ಗಿರಣಿಯ ಮಾತು ಹೇಳಲೇಬೇಕು. ನಾನು ಈ ಕೆಲಸ ಕಲಿತದ್ದು ಸುರಪುರದ ಒಂದು ಗಿರಣಿಯಲ್ಲಿ. ಕಲಿಸಿದ ಮೇಸ್ತ್ರಿಗೆ ಎಂಟೇ ಬೆರಳು. ಎರಡನ್ನು ಇಂಜಿನ್ನಿನ ಪಟ್ಟಾ, ಅಂದರೆ ಬೆಲ್ಟು, ಒಯ್ದಿತ್ತು. ತಿರುಗುವ ಗಾಲಿಗೆ ಆ ಉದ್ದನೆಯ ಪಟ್ಟಾ ಏರಿಸುವಾಗ ಒಂದು ಗಳಿಗೆ ಕಣ್ಣು ತಪ್ಪಿದರೆ ಮುಗಿಯಿತು. ನನ್ನ ಹತ್ತೂ ಬೆರಳು ಉಳಿದದ್ದು ನನ್ನ ಜಾಣತನದಿಂದ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿದ್ದೇನೆ.

ನಮ್ಮ ಗಿರಣಿಯೊಳಗೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಗಿರಾಕಿಯ ತುಟಿ ನೋಡಿ ಸಣ್ಣಗೆ ಬೇಕೋ ದಪ್ಪಗೆ ಬೇಕೋ ಎಂದು ತಿಳಿದುಕೊಳ್ಳುತ್ತಿದ್ದೆ. ಆ ಎರಡು ಮಾತು ಬಿಟ್ಟರೆ ತುಟಿ ಓದಲು ನನಗೆ ಬರುತ್ತಿರಲಿಲ್ಲ. ಕಾಳು ಸುರಿಯುವ ಕೆಲಸ ಹೆಂಡತಿಯದು. ಅವಳು ಎತ್ತರದ ಕಟ್ಟೆಯ ಮೇಲೆ ನಿಂತು, ಹುಬ್ಬು ಗಂಟಿಕ್ಕಿ, ನನ್ನ ಕಡೆಗೇ ನೋಡುತ್ತ ತುಟಿ ಆಡಿಸುತ್ತಿದ್ದಳು. ದಿನಾ, ಗಂಟೆಗಟ್ಟಲೆ. ಮನೆಯಲ್ಲಿ ನಾಲ್ಕು ಮಾತಾಡದವಳು ಇಲ್ಲಿ ಸಪ್ಪಳದ ಮರೆಯಲ್ಲಿ ನನ್ನನ್ನು ಬೈಯುತ್ತಾಳೆ ಎಂದು ನಾನು ನಂಬಿದ್ದೆ. ಹುಬ್ಬು ಗಂಟಿಕ್ಕಿದವರು ಬೇರೆ ಏನು ಮಾಡುತ್ತಾರೆ? ನಾನೂ ಬಿಡಲಿಲ್ಲ, ಕಣ್ಣು ಕೆಂಪಗೆ ಮಾಡುತ್ತಿದ್ದೆ. ಒಮ್ಮೆ ಯುಗಾದಿ ಮುಂದೆ, ಗಿರಣಿ ತುಂಬ ಹೆಣ್ಣುಮಕ್ಕಳು ಇದ್ದಾಗ, ಇಂಜಿನ್ ಬಂದ್ ಮಾಡಿ ಕೂಗಿಬಿಟ್ಟೆ, "ನಿನ್ನ ಬಾಯಿಗಿ ಕೀಲಿ ಇಲ್ಲೇನು?" ಎಲ್ಲರೂ ಅವಳ ಮುಖ ನೋಡಿದರು. ಎಂಟು ದಿನ ಅವಳ ತುಟಿ ಅಲ್ಲಾಡಲಿಲ್ಲ. ಒಂಬತ್ತನೆಯ ದಿನ ಮತ್ತೆ ಶುರು. ನಾಯಿ ಬಾಲ ಡೊಂಕೇ ಎಂದುಕೊಂಡು ಸುಮ್ಮನಾದೆ.

ಈಗ ಮೊಬೈಲಿನಿಂದ ನಾಲ್ಕನೆಯದಾಗಿ ಬಂದದ್ದು ಬೀಸುವ ಪದ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಕ್ಕಳಿಗೆ ಕಲಿಸಲೆಂದು ಮಗಳು ಇಟ್ಟುಕೊಂಡಿದ್ದು. ಯಾರೋ ಇಬ್ಬರು ಮುದುಕಿಯರು ಹಾಡುತ್ತಿದ್ದರು. ಹೆಂಡತಿ ಮೊರದಿಂದ ಕಣ್ಣು ಎತ್ತದೆ, ತನಗೇ ಗೊತ್ತಿಲ್ಲದ ಹಾಗೆ, ಅವರ ಜೊತೆ ದನಿ ಕೂಡಿಸಿದಳು.

ನಾನು ಅವಳ ತುಟಿ ನೋಡಿದೆ. ಮೂವತ್ತೆರಡು ವರ್ಷ ನೋಡಿದ ತುಟಿ. ಅದೇ ಏರು, ಅದೇ ಇಳಿತ, ಸಾಲಿನ ಕೊನೆಗೆ ಅದೇ ಒಂದು ನಿಲುವು.

"ಏ, ನೀ ಗಿರಣ್ಯಾಗ ಇದನ್ನ ಹಾಡತಿದ್ದೇನು?"

"ಹೂಂ ಮತ್ತ. ಹಾಡಲಾರದ ಬೀಸೂ ಕಲ್ಲಿಗಿ ಕೈ ಹಚ್ಚಬಾರದು ಅಂತ ನಮ್ಮವ್ವ ಹೇಳಿದ್ಲು. ಗಿರಣಿನೂ ಕಲ್ಲೇ ಅಲ್ಲೇನ್ರಿ? ನೀವ್ಯಾಕ ಕಣ್ಣ ಕೆಂಪ ಮಾಡತಿದ್ರಿ ಅಂತ ನನಗ ಇವತ್ತಿಗೂ ತಿಳಿದಿಲ್ಲ."

"ನೀ ಬೈಯಾಕತ್ತಿದಿ ಅಂತ ತಿಳಕೊಂಡಿದ್ದೆ."

ಅವಳು ಮೊರ ಕೆಳಗಿಟ್ಟಳು. "ಮೂವತ್ತೆರಡು ವರ್ಷ ಬೈಯೂವಷ್ಟು ಬೈಗಳ ನನ್ನ ಹತ್ರ ಎಲ್ಲಿದ್ದೂರಿ" ಎಂದಳು.

ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಕೇಳಿದೆ, "ನಾ ಕೂಗಿದ ಮ್ಯಾಲ ಬಿಟ್ಟಿದ್ದಿ ಅಲ್ಲ. ಮತ್ಯಾಕ ಶುರು ಮಾಡಿದಿ?"

"ಎಂಟು ದಿನ ಬಾಯಿ ಮುಚ್ಚಿದೆ. ಎದಿ ಡವಡವ ಅಂತಿತ್ತು. ಆಮ್ಯಾಲ, ಬೈದ್ರ ಬೈಲಿ ಅಂತ ಹಾಡಿದೆ."

ಎದೆ ಯಾಕೆ ಹೊಡೆದುಕೊಳ್ಳುತ್ತಿತ್ತು ಎಂದು ಕೇಳಿದರೆ ಮತ್ತೆ ಮೊರ ಎತ್ತಿಕೊಂಡಳು. "ಕಡೀ ಹಾಡು ಹಚ್ಚಲೇನಪ್ಪಾ?" ಎಂದಳು ಮಗಳು. ಮೊಬೈಲು ಬಂದ್ ಮಾಡು ಎಂದೆ. ನನ್ನ ಕಡೆಯ ಹಾಡನ್ನು ಅದರ ಕೈಗೆ ಬಿಡುವ ಮನಸ್ಸಾಗಲಿಲ್ಲ, ಬೋರ್‌ವೆಲ್ಲಿನವರು ಮತ್ತೆ ಬಂದಾರು. ಗಿರಣಿಯಲ್ಲಿ ಹಾಡುತ್ತಿದ್ದದ್ದನ್ನೇ ಹಾಡು ಎಂದು ಹೆಂಡತಿಯನ್ನು ಕೇಳಿಕೊಂಡೆ.

"ಬರೇ ಕುಂತು ಹಾಡಾಕ ಬರೂದಿಲ್ರಿ. ಕಲ್ಲು ತಿರುಗಬೇಕು."

ಬೇಳೆ ಒಡೆಯುವ ಬೀಸುವ ಕಲ್ಲು ಮೂಲೆಯಲ್ಲಿತ್ತು. ನಾನೇ ಎಳೆದು ತಂದೆ. ಎದುರುಬದುರು ಕೂತು ಗೂಟ ಹಿಡಿದೆವು. ಅವಳು ತೊಗರಿ ಹಾಕುತ್ತ ಶುರು ಮಾಡಿದಳು. ಮೊದಲು ಕಲ್ಲಿಗೆ ಶರಣು. ಆಮೇಲೆ ಕಕ್ಕೇರಾದ ತವರುಮನೆ, ಆಮೇಲೆ ಅಣ್ಣ, ಅಣ್ಣನ ಎತ್ತು, ಅಣ್ಣನ ರುಮಾಲು. ಎತ್ತಿನ ನಂತರವಾದರೂ ನನ್ನ ಪಾಳಿ ಬರಬೇಕಲ್ಲ ಎಂದು ಕಾದೆ. ಬಂತು.

ಗಿರ್ರಂತ ತಿರುಗೂವ ಗಾಲಿಯೆ ನಮ್ಮವ್ವ
ಪಟ್ಟಾದ ಮಗ್ಗಲಕ ನಿಂತಾರ – ನಮ್ಮವರ
ಹತ್ತೂ ಬೆರಳನ್ನ ಕಾಯವ್ವ

ಇದು ಅವಳ ತಾಯಿ ಕಲಿಸಿದ್ದಲ್ಲ. ಅವರ ಕಾಲದಲ್ಲಿ ಪಟ್ಟಾ ಎಲ್ಲಿತ್ತು? ಕಟ್ಟೆಯ ಮೇಲೆ ನಿಂತು, ಕಾಳು ಸುರಿಯುತ್ತ, ಇವಳೇ ಕಟ್ಟಿದ್ದು. ಹುಬ್ಬು ಗಂಟಿಕ್ಕಿ ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಕೈಗಳನ್ನು.

ಕಲ್ಲು ನಿಂತಿತು, ನಾನೇ ನಿಲ್ಲಿಸಿದ್ದೆ. ಗೂಟದ ಮೇಲಿದ್ದ ಎರಡೂ ಕೈ ನೋಡಿಕೊಂಡೆ. ಹತ್ತೂ ಇದ್ದವು. ಮಗಳು ಆ ಕಡೆ ಮುಖ ತಿರುಗಿಸಿದಳು.

"ಯಾಕ ನಿಂತ್ರಿ?" ಎಂದಳು ಹೆಂಡತಿ.

ಕಿವಿಯ ಮಷಿನ್ನನ್ನು ಪೂರ್ತಿ ಏರಿಸಿಕೊಂಡೆ. "ಇನ್ನೊಮ್ಮೆ ಅನ್ನು" ಎಂದು ಗೂಟ ತಿರುಗಿಸಿದೆ.