ಗಾಳಿಮನೆತನದ ಹುಡುಗ

ಮರಾಠಿ ಸೀಮೆಯ ಮುರುಮ ಊರಿನ ನಮ್ಮ ಬಟ್ಟೆ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ. ಅಪ್ಪ ಊಟಕ್ಕೆ ಹೋದರೆ ನಾನು ಗಾದಿಯ ಮೇಲೆ ಕೂತು ಮೊಬೈಲಿನಲ್ಲಿ ಕಾದಂಬರಿ ಬರೆಯುತ್ತಿದ್ದೆ. ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಅಕ್ಷರ ಅವ್ವ ತನ್ನ ತವರಿನಿಂದ ತಂದದ್ದು. ಕಥೆಗಳ ಒಂದು ಆ್ಯಪಿನಲ್ಲಿ ಅಧ್ಯಾಯಗಳನ್ನು ಹಾಕುತ್ತ ಹೋದೆ.

ನನ್ನ ರಾಜ್ಯದಲ್ಲಿ ನಾಲ್ಕು ಮನೆತನ: ನೀರು, ಬೆಂಕಿ, ಗಾಳಿ, ಮಣ್ಣು. ನೀರಿನ ರಾಜಕುಮಾರಿ ಕೈ ಎತ್ತಿದರೆ ಒಣ ಬಾವಿ ತುಂಬುತ್ತಿತ್ತು. ಗಾಳಿಮನೆತನದ ಹುಡುಗ ಒತ್ತೆಯಾಳಾಗಿ ಬಂದು ಅವಳ ಅರಮನೆಯಲ್ಲೇ ಬೆಳೆದವನು. ಇಬ್ಬರಿಗೂ ಪ್ರೀತಿ. ಆದರೆ ದರಬಾರದ ಹಿರಿಯರು, ಯುದ್ಧ ತಪ್ಪಬೇಕಾದರೆ ಅವಳನ್ನು ಬೆಂಕಿಯ ಮನೆತನಕ್ಕೆ ಕೊಡಬೇಕೆಂದು ಒಳಗೊಳಗೇ ಮಾತು ಮುಗಿಸಿಬಿಟ್ಟಿದ್ದರು.

ಅಷ್ಟರಲ್ಲಿ ಒಬ್ಬರ ಕಮೆಂಟು ಬಂತು. ಲಿಪಿ ಮರಾಠಿಯದು, ಮಾತು ನಮ್ಮದೇ. "ನನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರಲ್ಲ. ಅಣ್ಣನ ಹೆಣ್ತಿ, ನಮ್ಮ ವೈನಿ, ಓದಿ ಹೇಳತಿದ್ರು. ಬಾಣಂತನಕ್ಕ ತವರಿಗಿ ಹೋಗ್ಯಾರ. ಮುಂದ ಏನಾತ್ರಿ?"

ನಗು ಬಂತು. ಸೀರೆಯ ಗಂಟುಗಳ ನಡುವೆ ಕೂತು ಆ ಅಧ್ಯಾಯವನ್ನು ಓದಿ, ದನಿ ಮುದ್ರಿಸಿ ಕಳಿಸಿದೆ. ಅದೇ ರೂಢಿಯಾಯಿತು. ಕಮೆಂಟು ಹಾಕಿದವನ ಊರು ವಲಾಂಡಿ, ಮನೆಯಲ್ಲಿ ಕುರಿ, ಹೊಲ, ಮನೆದೇವರು ಬೀರಪ್ಪ. ಕೆಲಸ ಉದಗೀರದ ಔಷಧಿ ಅಂಗಡಿಯಲ್ಲಿ. ಒಂದು ಅಧ್ಯಾಯ ಕೇಳಿ ಅವನು ಸಿಟ್ಟಿಗೆದ್ದ. "ಎಲ್ಲಾರೂ ಮಾತಾಡ್ಯಾರ. ರಾಜಕುಮಾರಿಗಿ ಯಾರೂ ಕೇಳಲೇ ಇಲ್ಲಲ್ರೀ?"

ಮುಂದಿನ ಅಧ್ಯಾಯದಲ್ಲಿ ಅವಳು ತುಂಬಿದ ದರಬಾರದಲ್ಲಿ ಎದ್ದು ನಿಂತು ಒಲ್ಲೆ ಅಂದಳು. ಅಂದಿನಿಂದ ನಾನು ಬರೆದದ್ದೆಲ್ಲ ಅವನ ಕಿವಿಗಾಗಿ. ಅವನ ಉತ್ತರ ತಡವಾದ ದಿನ ಬಟ್ಟೆ ಅಳೆಯುವಾಗ ಲೆಕ್ಕ ತಪ್ಪುತ್ತಿತ್ತು.

ಉದಗೀರದಲ್ಲಿ ನನ್ನ ಸೋದರತ್ತೆಯ ಮನೆ. ದೀಪಾವಳಿ ಕಳೆದ ಮೇಲೆ ಅಲ್ಲಿಗೆ ಹೋದಾಗ ಕೋಟೆಯಲ್ಲಿ ಭೇಟಿಯಾದೆವು. ಮುಖ ಮೊದಲ ಸಲ ನೋಡುತ್ತಿದ್ದೆವು. ಕಲ್ಲುಕಟ್ಟೆಯ ಮೇಲೆ ಇಬ್ಬರ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತೆವು.

"ಮಾತಾಡ್ರಿ," ಅಂದ.

"ಏನ್ ಮಾತಾಡ್ಲಿ?"

"ಏನರೆ. ನಾ ಕಣ್ಣು ಮುಚ್ಚಿದ್ರ ನೀವೇ ಖರೆ ಅನಸ್ತದ."

ಇಬ್ಬರೂ ನಕ್ಕೆವು. ಆಮೇಲೆ ಅವನು ನೆಲ ನೋಡುತ್ತ, "ನಿಮ್ಮ ಮನಿಗಿ ಬಂದು ಕೇಳಲೇನ್ರೀ?" ಅಂದ.

"ಬ್ಯಾಡ್ರಿ. ನಾನೇ ಹೇಳ್ತೀನಿ."

ಹೇಳಿದೆ. ಅಪ್ಪ ಬೈಯಲಿಲ್ಲ. ನಿಲಂಗಾದಿಂದ ದೊಡ್ಡಪ್ಪ ಬಂದ, ನಡುಮನೆಯಲ್ಲಿ ದರಬಾರ ಕೂಡಿತು. "ನಾವು ಲಿಂಗವಂತರು. ಕುರಿಯವರ ಮನಿಗಿ ಕೊಟ್ರ ನಾಳೆ ಸಣ್ಣಾಕಿಗಿ ಯಾರು ಕೇಳ್ಕೋತ ಬರ್ತಾರ?" ಅಂದ ದೊಡ್ಡಪ್ಪ. ತಂಗಿ ಬಾಗಿಲ ಹಿಂದೆ ನಿಂತಿದ್ದಳು. ಕೊನೆಗೆ ಅಪ್ಪ ಅಂದ: "ಸಣ್ಣಾಕಿ ಲಗ್ನ ಆಗ್ಲಿ. ಆಮ್ಯಾಲ ನೋಡಮು."

ಅವನಿಗೆ ತಿಳಿಸಿದೆ. "ಆಯ್ತು, ನಿಲ್ತೀನಿ," ಅಂದ. ನಿಂತ ಕೂಡ, ವರ್ಷಗಟ್ಟಲೆ ಕಾದ. ತಂಗಿಗೆ ಗಂಡುಗಳು ಬಂದವು, ಹೋದವು, ಯಾವುದೂ ಕೂಡಿಬರಲಿಲ್ಲ. ನಾನು ಕಥೆಯನ್ನು ಎಳೆಯುತ್ತ ಹೋದೆ. ಮುಗಿದರೆ ಕಳಿಸುವುದಕ್ಕೆ ಏನೂ ಉಳಿಯುವುದಿಲ್ಲವೆಂಬ ಭಯ.

ಅವನ ತಂದೆ ಹಾಸಿಗೆ ಹಿಡಿದರು. ಅವರ ಮನೆಯಲ್ಲಿ ಮಗನ ಲಗ್ನಕ್ಕೆ ಗಡಿಬಿಡಿ ಶುರುವಾಯಿತು. ಒಂದು ಮಧ್ಯಾಹ್ನ ಅವನು ಫೋನು ಮಾಡಿದ.

"ಹುಡುಗಿ ನೋಡಿ ಲಗ್ನ ಠರಿಸ್ಯಾರ್ರೀ."

"ನೀವು ಹೂಂ ಅಂದೀರೇನು?"

ಆಚೆ ಯಾರೋ ಗಿರಾಕಿ ಕೆಮ್ಮಿನ ಔಷಧಿ ಕೇಳುತ್ತಿದ್ದ. ಅವನಿಗೆ ಶೀಶೆ ಕೊಟ್ಟು ಕಳಿಸಿದ ಮೇಲೆ ಉತ್ತರ ಬಂತು. "ಅಂದೀನಿ. ಇನ್ನ ಕಥಿ ಕಳಸಬ್ಯಾಡ್ರಿ. ಕೇಳಿದ್ರ ನನ್ನಿಂದ ಆಗಲ್ಲ."

ಕಳಿಸಲಿಲ್ಲ. ಕಾದಂಬರಿ ಮಾತ್ರ ಮುಗಿಸಿದೆ. ರಾಜಕುಮಾರಿ ಒಬ್ಬಳೇ ಸಿಂಹಾಸನ ಏರಿದಳು. ಗಾಳಿಮನೆತನದ ಹುಡುಗ ಬಿಡುಗಡೆಯಾಗಿ ತನ್ನ ನಾಡಿಗೆ ಹೋದ. ಓದುವವರು ಮುನಿಸಿಕೊಂಡರು, ಅವನನ್ನು ಹೊಳ್ಳಿ ಕರೆಸಿ ಅಂದರು. ಹೊಳ್ಳಿ ಬರುವ ಒಂದು ಅಧ್ಯಾಯ ಬರೆದೆ. ಓದಿ ನೋಡಿದರೆ ಸುಳ್ಳು ಅನಿಸಿತು, ಅಳಿಸಿದೆ.

ಹೋದ ವರ್ಷ ಉಮರ್ಗಾದಲ್ಲಿ ತಂಗಿಯ ಮದುವೆಯಾಯಿತು. ಗದ್ದಲ ಎಲ್ಲ ತಣ್ಣಗಾದ ಮೇಲೆ ಒಂದು ದಿನ ಅಂಗಡಿಯಲ್ಲಿ ನಾನು ಬಟ್ಟೆಯ ಥಾನು ಸುತ್ತುತ್ತಿದ್ದೆ. ಅಪ್ಪ ನನ್ನ ಕಡೆ ನೋಡದೆ ಕೇಳಿದ: "ಆ ಉದಗೀರದ ಹುಡುಗ ಈಗ ಏನ್ ಮಾಡ್ತಾನ?"

"ಲಗ್ನ ಆಗ್ಯಾದ ಅಪ್ಪಾ. ಒಂದು ಕೂಸೂ ಅದಂತ."

ಅಪ್ಪ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. "ಸಣ್ಣಾಕಿದು ಆಗ್ಲಿ ಅಂದಿದ್ದೆ…" ಅಂದ. ಅಪ್ಪ ತಾನು ಕೊಟ್ಟ ಮಾತನ್ನು ಮರೆತಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ನನಗೆ ಆಗಲಿಲ್ಲ.

ಕುಪ್ಪಸದ ಒಳಗೆ ಹಚ್ಚುವ ಅಸ್ತರ ಬಟ್ಟೆ ಬೇಕೆಂದು ಒಬ್ಬ ಹೆಂಗಸು ಬಂದಳು. ನಾನು ಏಳಲು ಹೋದೆ.

"ನೀ ಕೂಡವ್ವ," ಅಂದ ಅಪ್ಪ. ತಾನೇ ಎದ್ದು, ಮಂಡಿ ಹಿಡಿದುಕೊಂಡು ಏಣಿ ಹತ್ತಿ, ಮೇಲಿನ ಅಟ್ಟಣಿಗೆಯಿಂದ ಬಟ್ಟೆ ಇಳಿಸತೊಡಗಿದ.