ತಾತ ಎಲೆಯಡಿಕೆ ಇಡುತ್ತಿದ್ದ ಕೆನ್ನೆ

ಪುಟ್ಟೀ, ಚಿನ್ನೂ, ನಿಮ್ಮೆದುರು ಕೂತು ಇದನ್ನು ಹೇಳಲು ನಿಮ್ಮ ಅಜ್ಜಿಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆಯನ್ನು ಯಾವಾಗಲೂ ಎಡಗೆನ್ನೆಯಲ್ಲಿ ಒತ್ತರಿಸಿಕೊಳ್ಳುತ್ತಿದ್ದರು. ಅಲ್ಲೇ ಹುಣ್ಣಾಗಿ, ಕ್ಯಾನ್ಸರಾಗಿ ತೀರಿಕೊಂಡರು. ಆಮೇಲೆ ನಾನು ಮಳವಳ್ಳಿಯಲ್ಲಿ ಎಡಗಡೆಯ ಹುಳುಕು ಹಲ್ಲೊಂದನ್ನು ಕೀಳಿಸಿಕೊಂಡೆ. ಕೆಲವು ತಿಂಗಳಿಗೆ ನನ್ನ ಎಡಗೆನ್ನೆಯೂ ಅದೇ ಜಾಗದಲ್ಲಿ ಊದಿಕೊಂಡಿತು. ನೋವಿಲ್ಲ. ಮುಟ್ಟಿದರೆ ಮರದ ಹಾಗೆ ಗಟ್ಟಿ. ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಎಂದೂ ಎಲೆ ಹಾಕಿದವಳಲ್ಲ. ಆದರೂ ಕನ್ನಡಿಯಲ್ಲಿ, ಎಲೆ ಮೆಲ್ಲುತ್ತ ಕೂತ ಅವರ ಮುಖವೇ ನನ್ನನ್ನು ನೋಡುತ್ತಿತ್ತು. ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ.

ತಾತನ ತಂಗಿ ಬಂದವಳು ಕೆನ್ನೆಗೆ ಮುಚ್ಚಿಕೊಂಡಿದ್ದ ನನ್ನ ಸೆರಗು ಸರಿಸಿ ನೋಡಿ ಹಿಂದಕ್ಕೆ ಸರಿದಳು.

"ಅತ್ಗೆ, ಅಣ್ಣಯ್ಯನೇ ಬಂದು ಕುಂತವ್ನೆ ಕಣಮ್ಮ!"

"ಬದುಕಿದ್ದಾಗ್ಲೇ ಒಂದ್ ಕಡೆ ಕುಂತೋರಲ್ಲ, ಈಗ ನನ್ ದವಡೇಲಿ ಕುಂತಾರಾ? ಸುಮ್ಕಿರು."

ಅವಳು ನಗಲಿಲ್ಲ. "ಸೂಜಿ ಗೀಜಿ ಚುಚ್ಚಿಸ್ಬ್ಯಾಡ. ಚುಚ್ಚುದ್ರೆ ಕೆರಳ್ತದೆ, ಅಣ್ಣಯ್ಯಂಗೂ ಅಂಗೇ ಆಯ್ತು. ಮುತ್ತತ್ತಿಗೆ ಓಗಿ ದಾರ ಕಟ್ಟಿಸ್ಕೊಂಡ್ ಬರಾನ."

ಹೋದೆವು, ಆಂಜನೇಯನಿಗೆ ಕೈಮುಗಿದು ದಾರ ಕಟ್ಟಿಸಿದೆವು. ಬರುವಾಗ ಬಸ್ಸಿನಲ್ಲಿ ಕೆನ್ನೆ ಒದ್ದೆಯಾಯಿತು. ಗಂಟು ತಾನಾಗಿಯೇ ಸಣ್ಣ ಬಾಯಿ ತೆರೆದಿತ್ತು. ಒರೆಸಿದ ಸೆರಗಿನಲ್ಲಿ ಕೀವು, ಅದರೊಳಗೆ ರವೆಯಂಥ ಹಳದಿ ಕಾಳು. ಅದನ್ನು ಕಂಡು ಅವಳೇ, "ಬುಡು, ಮಂಡ್ಯಕ್ಕೇ ಓಗಾನ," ಅಂದಳು.

ಮಂಡ್ಯದ ಆಸ್ಪತ್ರೆಯ ಡಾಕ್ಟರಮ್ಮ ಗಂಟಿನೊಳಕ್ಕೆ ಸೂಜಿ ಇಳಿಸಿ ನಿಧಾನವಾಗಿ ಎಳೆದರು. ಸಿರಿಂಜಿಗೆ ಕೀವಿನ ಜೊತೆ ಅವೇ ಹಳದಿ ಕಾಳುಗಳು ಬಂದವು. ಹೊರಗೆ ಬೆಂಚಿನ ಮೇಲೆ ಕಾಯುತ್ತಾ, ತಾತ ಹೋದ ದಾರಿಯಲ್ಲೇ ನಾನೂ ಹೋಗುವವಳೇ ಎಂಬ ಒಂದೇ ಯೋಚನೆ. ಆಮೇಲೆ ಕರೆದು, ಬಣ್ಣ ಹಾಕಿದ ಆ ಕಾಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೀಲಿ ಉಂಡೆಯೊಂದು ಸುತ್ತಲೂ ಕೂದಲಿನಂಥ ಬೇರು ಚಾಚಿ ಕೂತಿತ್ತು. ನನಗೆ ತಿಳಿಯದಂತೆ ನನ್ನೊಳಗೆ ಬೆಳೆದದ್ದು!

"ಕ್ಯಾನ್ಸರ್ ಅಲ್ಲ ಅಜ್ಜಿ, ಇದು ಬ್ಯಾಕ್ಟೀರಿಯಾ. ಎಲ್ಲರ ಬಾಯಲ್ಲೂ ಸುಮ್ಮನೆ ಇರುತ್ತೆ. ಹಲ್ಲು ಕಿತ್ತ ಗಾಯದಿಂದ ಒಳಗಿಳಿದಿದೆ. ಹೀಗಾಗೋದು ಅಪರೂಪ. ವಾಸಿಯಾಗುತ್ತೆ."

"ನನ್ ಬಾಯಲ್ಲೂ ಐತಾ?" ನಾದಿನಿ ಕೇಳಿದಳು.

"ಇದೆ. ನನ್ನ ಬಾಯಲ್ಲೂ ಇದೆ."

ವಾಪಸ್ಸು ಬಸ್ಸಿನಲ್ಲಿ ಮದ್ದೂರು ಬರುವವರೆಗೂ ಅವಳು ಬಾಯಿಗೆ ಸೆರಗು ಒತ್ತಿಕೊಂಡೇ ಇದ್ದಳು.

ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಬೆರಳು ಗಂಟನ್ನು ಹುಡುಕಿತು, ಸಿಗಲಿಲ್ಲ. ಕನ್ನಡಿ ಈಚೆ ತಿರುಗಿಸಿದೆ. ನಾನೊಬ್ಬಳೇ ಇದ್ದೆ. ಯಾಕೋ ಮನೆಯೆಲ್ಲ ಖಾಲಿ ಅನ್ನಿಸಿತು. ಅಂದು ತಾತನ ಫೋಟೋ ಮುಂದೆ ಎಲೆಯಡಿಕೆ ಇಟ್ಟೆ. ಹೊಗೆಸೊಪ್ಪು ಮಾತ್ರ ಇಡಲಿಲ್ಲ.

ನಿಮ್ಮ ಮುಖದ ಮೇಲೆ ಎಂದಾದರೂ ಇಂಥ ಗಂಟು ಎದ್ದರೆ, ತಾತ ಬಂದರೆಂದು ಹೆದರಿ ಕೂರಬೇಡಿ. ಮೊದಲು ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿ, ಒಳಗೇನಿದೆ ಎಂದು ಪರೀಕ್ಷೆ ಮಾಡಿಸಿ. ಅದಕ್ಕೇ ಈ ಹಾಳೆಗಳನ್ನು ಕಳೆಯದೆ ಜೋಪಾನವಾಗಿ ಇಟ್ಟುಕೊಳ್ಳಿ.