ಅರ್ಧ ದಿನದ ಸಂತ್ರಸ್ತ

ಮೂರು ದಿನದಿಂದ ಬಿಸಿಲು ಬಿದ್ದಿಲ್ಲ. ಒಗೆದ ಬಟ್ಟೆಗಳನ್ನೆಲ್ಲ ನನ್ನ ಹೆಂಡತಿ ಪಡಸಾಲೆಯಲ್ಲಿ ಹಗ್ಗ ಕಟ್ಟಿ ನೇತುಹಾಕಿದ್ದಾಳೆ. ಪೇಪರು ಹಿಡಿದು ಕುರ್ಚಿಯಲ್ಲಿ ಕೂತರೆ ನನ್ನದೇ ಪಾಯಿಜಾಮದ ಕಾಲು ನನ್ನ ನೆತ್ತಿ ಸವರುತ್ತದೆ. ಅರ್ಧ ಒಣಗಿದ ಬಟ್ಟೆಗೆ ಒಂದು ಮುಗ್ಗಲು ವಾಸನೆ ಇರುತ್ತದಲ್ಲ, ನಿಮ್ಮ ಮನೆಯಲ್ಲೂ ಇದ್ದೀತು. ನಿಮಗೆ ಅದು ಮಳೆಗಾಲದ ವಾಸನೆ. ನನಗೆ ಮಾತ್ರ ಅದು ಸಮಾಜಸೇವೆಯ ವಾಸನೆ. ಕೆಲವು ವರ್ಷಗಳ ಹಿಂದೆ ಹದಿನೈದು ದಿನ ಅದರಲ್ಲೇ ಮುಳುಗಿದ್ದೆ.

ಸೇವೆಗೆ ನಾನು ಹೇಗೆ ಇಳಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಕೊಂಡೀರಿ. ಜಮಖಂಡಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಆಗಷ್ಟೇ ನಿವೃತ್ತನಾಗಿದ್ದೆ. ಕ್ಲಾಸಿನಲ್ಲಿ ಹುಡುಗರಿಗಿಂತ ಮೊದಲು ನಿದ್ದೆ ಹೋಗುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ ಆ ವರ್ಷದ ರಾಜ್ಯೋತ್ಸವದಲ್ಲಿ ‘ಸಮಾಜಸೇವಕ’ ಎಂದು ತಾಲೂಕು ಮಟ್ಟದ ಸನ್ಮಾನವಾಯಿತು. ಶಾಲು, ಹಾರ, ಫಲಕ. ಅವರು ಆ ಶಾಲು ಹೊದ್ದುಕೊಂಡೇ ನಮ್ಮ ಮನೆಗೆ ಚಹಾಕ್ಕೆ ಬಂದರು. ಅವರು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಮರುದಿನವೇ ಹೋಗಿ ಮುಂದಿನ ವರ್ಷದ ಅರ್ಜಿ ಹೇಗಿರುತ್ತದೆಂದು ವಿಚಾರಿಸಿ ಬಂದೆ. ‘ಸಲ್ಲಿಸಿದ ಸೇವೆಯ ವಿವರ, ಛಾಯಾಚಿತ್ರ ಸಹಿತ’ ಎಂದು ಅದರಲ್ಲಿತ್ತು. ನನ್ನ ಹತ್ತಿರ ಸೇವೆಯೂ ಇರಲಿಲ್ಲ, ಮದುವೆಯದು ಬಿಟ್ಟರೆ ಹೇಳಿಕೊಳ್ಳುವಂಥ ಛಾಯಾಚಿತ್ರವೂ ಇರಲಿಲ್ಲ.

ನಮ್ಮ ಓಣಿಯ ಹಿಂದೆ ಒಂದು ಹಳೆಯ ಚರ್ಚು ಇದೆ. ಅಲ್ಲಿಯವರು ಪ್ರತಿ ಶನಿವಾರ ಗುಂಪು ಕಟ್ಟಿಕೊಂಡು ಸುತ್ತಲಿನ ಸೇವಾಸಂಸ್ಥೆಗಳಿಗೆ ಕೈಜೋಡಿಸಲು ಹೋಗುತ್ತಿದ್ದರು. ಮುಧೋಳದಲ್ಲಿ ಒಂದು ವೃದ್ಧಾಶ್ರಮ, ಬೀಳಗಿಯಲ್ಲಿ ಕಿವಿ ಕೇಳದ ಹೆಣ್ಣುಮಕ್ಕಳ ವಸತಿಗೃಹ, ಹೀಗೆ. ಯಾವ ಜಾತಿ, ಯಾವ ದೇವರು ಎಂದು ಕೇಳುವ ರೂಢಿ ಇರಲಿಲ್ಲ. ಆ ಗುಂಪಿಗೆ ಹಿರಿಯರು ಸಲೋಮಿಬಾಯಿ, ಸರಕಾರಿ ದವಾಖಾನೆಯಲ್ಲಿ ನರ್ಸಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಬಿಗಿದು ಕಟ್ಟಿದ ತುರುಬು. ಎದುರಿಗೆ ನಿಂತವರೆಲ್ಲ ತಮ್ಮ ತೋಳು ಚುಚ್ಚಿಸಿಕೊಳ್ಳಲೆಂದೇ ಬಂದವರು ಎಂಬಂಥ ನೋಟ.

“ಮಾಸ್ತರ್, ನಿಮಗ ಏನ್ ಕೆಲಸ ಬರ್ತೈತ್ರಿ?” ಎಂದು, ಗುಂಪಿಗೆ ಸೇರಲು ಹೋದ ನನ್ನನ್ನು ಕೇಳಿದರು.

“ಭಾಷಣ ಮಾಡ್ತೀನ್ರಿ. ನಿರೂಪಣಾನೂ ಮಾಡ್ತೀನಿ.”

“ಭಾಷಣ ನಮ್ಮ ಪಾಸ್ಟರ್ ಸಾಹೇಬ್ರಿಗೂ ಬರ್ತೈತಿ. ಮತ್ತೇನ್ ಬರ್ತೈತಿ?”

ನಾನು ಸ್ವಲ್ಪ ಯೋಚಿಸಿ, “ವಂದನಾರ್ಪಣೆ” ಎಂದೆ.

ಅವರು ಮೂಲೆಯಲ್ಲಿದ್ದ ಕಸಬರಿಗೆ ತಂದು ನನ್ನ ಕೈಗೆ ಕೊಟ್ಟರು. “ಸಭಾಗೃಹ ಕಸಾ ಹೊಡೀರಿ. ಆಮ್ಯಾಲೆ ನಾನ ವಂದನಾರ್ಪಣೆ ಮಾಡ್ತೀನಿ.”

ಮುಂದಿನ ಮಳೆಗಾಲದಲ್ಲೇ ಕೃಷ್ಣೆ ದಂಡೆ ಮೀರಿ ಬಂದಳು. ನದಿ ಸಮೀಪದ ಜನರನ್ನೆಲ್ಲ ಎತ್ತರದ ಶಾಲೆಗಳಿಗೆ ಸಾಗಿಸಿದರು. ನೆರೆ ಬಂತೆಂದರೆ ಒಣ ಊರುಗಳಲ್ಲಿರುವವರಿಗೆ ಒಮ್ಮೆಲೇ ಕರುಣೆ ಉಕ್ಕುತ್ತದೆ, ಅದರ ಬೆನ್ನಿಗೇ ಅಟ್ಟದ ಮೇಲಿನ ಗಂಟು ನೆನಪಾಗುತ್ತದೆ. ಎರಡೇ ದಿನದಲ್ಲಿ ಚರ್ಚಿನ ಸಭಾಗೃಹದ ತುಂಬ ಹಳೆಯ ಬಟ್ಟೆಯ ರಾಶಿ. ಬೇರ್ಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮೂರಿನ ಜನರನ್ನು ನಾನು ತಿಳಿದದ್ದು ಮೂವತ್ತು ವರ್ಷದ ಮಾಸ್ತರಿಕೆಯಲ್ಲಲ್ಲ, ಆ ರಾಶಿಯಲ್ಲಿ. ಗುಂಡಿ ಕಿತ್ತಿಟ್ಟುಕೊಂಡು ಕೊಟ್ಟ ಶರ್ಟುಗಳಿದ್ದವು. ಒಂಟಿ ಬೂಟು ಇತ್ತು. ವಕೀಲರ ಕರಿ ಕೋಟು ಇತ್ತು. ನೀರಿನಲ್ಲಿ ಮನೆ ಕಳೆದುಕೊಂಡವನು ಅದನ್ನು ಹಾಕಿಕೊಂಡು ನದಿಯ ಮೇಲೆ ದಾವೆ ಹೂಡಲಿ ಎಂದಿರಬೇಕು. ಒಬ್ಬ ದೊಡ್ಡ ಮನುಷ್ಯರು ಕಾರಿನಲ್ಲಿ ಬಂದು ಒಂದು ಚೀಲ ಇಳಿಸಿ, ಕೊಟ್ಟವರ ಹೆಸರು ಎಲ್ಲಿ ಓದುತ್ತೀರಿ ಎಂದು ವಿಚಾರಿಸಿದರು. ಸಲೋಮಿಬಾಯಿ ಆ ಚೀಲದಿಂದ ಒಂದು ಬನಿಯನ್ ಎತ್ತಿ ಹಿಡಿದರು. ಅದರ ಈ ಕಡೆಯಿಂದ ಆ ಕಡೆಯ ಕಿಟಕಿ ಕಾಣುತ್ತಿತ್ತು.

“ಸಾಹೇಬ್ರ, ಇದನ್ನ ಹಾಕ್ಕೊಂಡ ನಿಮ್ಮ ಓಣ್ಯಾಗ ಒಂದ ಸುತ್ತ ತಿರಗಿ ಬರ್ರಿ. ಆಮ್ಯಾಲೆ ತಗೋತೀನಿ.”

ನಾನು ಅವರ ಬೆನ್ನ ಹಿಂದೆ ನಿಂತು ಚೆನ್ನಾಗಿ ನಕ್ಕೆ. ಆ ನಗು ಬಹಳ ಹೊತ್ತು ಬಾಳಲಿಲ್ಲ. ಮುಂದಿನ ಗಂಟಿನಲ್ಲಿ ನನ್ನದೇ ಒಂದು ಪ್ಯಾಂಟು ಸಿಕ್ಕಿತು. ಹೆಂಡತಿ ಕಳಿಸಿದ್ದಳು. ಕುರ್ಚಿಯಲ್ಲಿ ಕೂತು ಕೂತು ಹಿಂಭಾಗ ಸವೆದು ಬಲೆಯಾಗಿತ್ತು. ಯಾರೂ ನೋಡುವ ಮೊದಲೇ ಅದನ್ನು ಬಗಲಲ್ಲಿ ಅಡಗಿಸಿದೆ. “ಮಾಸ್ತರ್, ಕದಿಯಾಕ ನಿಮಗ ಬ್ಯಾರೆ ಛಲೋ ಪ್ಯಾಂಟ ಸಿಗಲಿಲ್ಲೇನ್ರಿ?” ಎಂದರು ಸಲೋಮಿಬಾಯಿ.

ಒಂದು ವಾರಕ್ಕೆ ನೀರು ಇಳಿಯಿತು. ಗಟ್ಟಿ ಇದ್ದ ಸೀರೆ, ಚಾದರಗಳನ್ನೆಲ್ಲ ಆರಿಸಿಕೊಂಡು ಬನಹಟ್ಟಿಯ ಒಂದು ಶಾಲೆಗೆ ಹೋದೆವು. ರಬಕವಿಯ ನದಿ ಕಡೆಯ ಓಣಿಗಳ ಜನ ಅಲ್ಲಿದ್ದರು. ಬ್ಯಾನರು ನಾನೇ ಬರೆಸಿದ್ದೆ. ‘ನೆರೆಹೊರೆಯ ಸೇವೆ’ ಎಂಬುದು ಮೇಲೆ ಸಣ್ಣಗೆ, ‘ಸಂಯೋಜನೆ’ ಎಂದು ನನ್ನ ಹೆಸರು ಕೆಳಗೆ ದಪ್ಪಗೆ. ಪೇಂಟರನ ತಪ್ಪು ಎಂದು ಹೇಳಿದೆ. ಯಾರೂ ನಂಬಲಿಲ್ಲ.

ಸಾಲಿನಲ್ಲಿ ನಾಲ್ಕನೆಯವಳು ಕಾಶವ್ವ. ಐವತ್ತರ ಆಚೀಚೆ ಇರಬೇಕು. ನಾನು ಒಂದು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುಖದಲ್ಲಿ ಕನಿಕರ ತಂದುಕೊಂಡು, “ಸ್ವಲ್ಪ ಈ ಕಡೆ ನೋಡವ್ವ, ಫೋಟೋ ಐತಿ” ಎಂದೆ. ಅವಳು ಫೋಟೋದ ಕಡೆ ನೋಡದೆ ಸೀರೆಯ ಕಡೆ ನೋಡಿದಳು. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದಳು.

“ಇದು ಮೂರ ಒಗತಕ್ಕ ಹಿಂಜತೈತ್ರಿ” ಎಂದಳು.

“ಈಗ ಸದ್ಯಕ್ಕ ತಗೊಳವ್ವ. ಪುಕ್ಕಟ ಐತಿ.”

“ನಾ ನೇಯಾಕಿ ಅದೀನ್ರಿ. ಊರಿಗೆಲ್ಲಾ ಸೀರಿ ನೇದ ಕೊಟ್ಟಾಕಿಗೆ ಸೀರಿ ಕೊಡಾಕ ಬಂದೀರಲ್ಲ. ನನಗ ಅರಬಿ ಬ್ಯಾಡ್ರಿ. ನನ್ನ ಮಗ್ಗದ ಕುಣ್ಯಾಗ ರಾಡಿ ತುಂಬೈತಿ. ಒಣಗಿ ಗಟ್ಟಿ ಆತಂದ್ರ ಕಟ್ಟಗಿ ಎಲ್ಲಾ ಹಿಡಕೊಂಡ ಬಿಡ್ತಾವು. ಅದನ್ನ ತಗಿಯಾಕ ಯಾರರ ಬರ್ತೀರೇನ್ರಿ?”

ಅವಳದು ಕುಣಿಮಗ್ಗ. ನೆಲದಲ್ಲಿ ಸೊಂಟದಷ್ಟು ಆಳದ ಗುಂಡಿ. ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿಯುತ್ತ ನೇಯಬೇಕು. ಗಂಡ ತೀರಿದ ಮೇಲೆ ಅದೊಂದೇ ಮಗ್ಗದ ಮೇಲೆ ಮಗಳನ್ನು ಓದಿಸುತ್ತಿದ್ದಳು. ಮಗ್ಗ ಹಾಳಾದರೆ ಯಾರದೋ ಪವರ್‌ಲೂಮಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಕೂರಬೇಕು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನನಗೆ ತಿಳಿದದ್ದು ಇಷ್ಟೇ: ನನ್ನ ಫೋಟೋ ಕೆಟ್ಟಿತು.

ಸಲೋಮಿಬಾಯಿ ಮುಂದೆ ಬಂದು, “ನಾಳೆ ಮುಂಜಾನೆ ಬರ್ತೀವವ್ವ” ಎಂದರು. ನಾವು ಹದಿನೆಂಟು ಜನ ಸ್ವಯಂಸೇವಕರು ಒಟ್ಟಿಗೆ ತಲೆಯಾಡಿಸಿದೆವು.

ಮರುದಿನ ಮುಂಜಾನೆ ಬಂದವರು ನಾಲ್ಕು ಜನ. ಉಳಿದವರಿಗೆ ಒಂದೇ ರಾತ್ರಿಯಲ್ಲಿ ಬೆನ್ನುನೋವು, ಬೀಗರು, ಜ್ವರ ಎಲ್ಲ ಬಂದಿದ್ದವು. ಬೆನ್ನುನೋವು ಹೇಳಬೇಕೆಂದು ನಾನೂ ಫೋನ್ ಮಾಡಿದ್ದೆ. ನನಗಿಂತ ಮೊದಲು ಇಬ್ಬರು ಅದನ್ನು ಹೇಳಿಬಿಟ್ಟಿದ್ದರಂತೆ. “ಬ್ಯಾರೆ ಏನರ ಬ್ಯಾನಿ ಇದ್ರ ಹೇಳ್ರಿ ಮಾಸ್ತರ್” ಎಂದರು ಸಲೋಮಿಬಾಯಿ. ಹೊಳೆಯಲಿಲ್ಲ. ಹೋದೆ.

ನೆರೆಯ ರಾಡಿಯನ್ನು ನೀವು ಎಂದಾದರೂ ಬುಟ್ಟಿಯಲ್ಲಿ ತುಂಬಿ ಎತ್ತಿದ್ದೀರಾ? ಅದು ಮಣ್ಣಿಗಿಂತ ಭಾರ, ನೀರಿಗಿಂತ ಜಾರು, ವಾಸನೆಯಲ್ಲಿ ಎರಡಕ್ಕೂ ಮೀರಿದ್ದು. ಕಾಶವ್ವ ಗುಂಡಿಯಲ್ಲಿ ಇಳಿದು ಕಟ್ಟಿಗೆಯ ಸುತ್ತ ಕೈಯಿಂದಲೇ ಬಿಡಿಸಿ ಕೊಡುತ್ತಿದ್ದಳು, ಎಳೆಗೂಸಿಗೆ ಎಣ್ಣೆ ಹಚ್ಚುವಷ್ಟು ನಿಧಾನ. ಸಲೋಮಿಬಾಯಿ ಬಿಳಿ ಸೀರೆಯ ಕಚ್ಚೆ ಹಾಕಿ ಬುಟ್ಟಿ ದಾಟಿಸುತ್ತಿದ್ದರು. ನಾನು ಹೊರಗೆ ಸುರಿದು ಬರುತ್ತಿದ್ದೆ. ಹತ್ತನೆಯ ಬುಟ್ಟಿಗೆ ಜಾರಿ ಬಿದ್ದೆ. ಎದ್ದಾಗ ನನ್ನಲ್ಲಿ ಮಾಸ್ತರನ ಗುರುತು ಏನೂ ಉಳಿದಿರಲಿಲ್ಲ. ಕನ್ನಡಕದ ಮೇಲೂ ರಾಡಿ. ಹೊಸ್ತಿಲ ಹೊರಗೆ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ.

ಆಗ ಓಣಿಯಲ್ಲಿ ಒಂದು ಜೀಪು ಬಂತು. ಬೇರೆ ಊರಿನ ಯಾವುದೋ ಸೇವಾಸಂಘ. ಬಿಳಿ ಪ್ಯಾಂಟು, ಬಿಳಿ ಶರ್ಟು, ಎದೆಗೆ ಬಿಲ್ಲೆ, ಜೊತೆಗೆ ಪತ್ರಿಕೆಯವನೊಬ್ಬ. ಅವರು ನಮ್ಮದಕ್ಕಿಂತ ದೊಡ್ಡ ಬ್ಯಾನರು ಬಿಚ್ಚಿ ನೇರವಾಗಿ ನನ್ನ ಹಿಂದೆ ಹಿಡಿದರು. ಮುಖಂಡರು ಒಂದು ಚಾದರ ತೆಗೆದು ನನ್ನ ಮಡಿಲಲ್ಲಿಟ್ಟರು.

“ಅಲ್ರಿ, ನಾನು...” ಎಂದೆ.

“ಇರ್ಲಿ ಬಿಡ್ರಿ ಅಜ್ಜಾರ, ಅಳಬ್ಯಾಡ್ರಿ. ನಾವ ಅದೀವಿ” ಎಂದು ಅವರು ನನ್ನ ಬೆನ್ನು ಸವರಿದರು.

“ಹಂಗಲ್ರಿ, ನಾನು ಜಮಖಂಡಿ...”

ಪತ್ರಿಕೆಯವನು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. “ಅಜ್ಜಾರ, ಈ ಕಡೆ ನೋಡ್ರಿ. ಸ್ವಲ್ಪ ಕೈ ಮುಗೀರಿ.”

ನಾನು ಕೈ ಮುಗಿದೆ.

ಯಾಕೆ ಮುಗಿದೆ? ಎಷ್ಟೋ ಸಲ ಇದನ್ನು ಯೋಚಿಸಿದ್ದೇನೆ. ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಆದರೆ ಆರು ಜನ ನಗುತ್ತ ಸುತ್ತ ನಿಂತಿರುವಾಗ, ನಿಮ್ಮ ಮಡಿಲಲ್ಲಿ ಅವರ ವಸ್ತು ಇರುವಾಗ, ಕೈ ತಾನೇ ಮೇಲೆ ಬರುತ್ತದೆ. ಕಾಶವ್ವ ಆ ಕೈಯನ್ನು ಮೇಲೆ ಬರಗೊಡದೆ ನಿಂತಿದ್ದಳಲ್ಲ, ಅದು ಎಂಥ ಕಷ್ಟದ ಕೆಲಸ ಎಂದು ಆಗ ಗೊತ್ತಾಯಿತು.

ಜೀಪು ಹೋದ ಮೇಲೆ ಒಳಗಿನಿಂದ ಒಂದು ಸದ್ದು ಬಂತು. ಗುಂಡಿಯ ಅಂಚಿಗೆ ಗದ್ದ ಊರಿ ಎಲ್ಲವನ್ನೂ ನೋಡಿದ್ದ ಕಾಶವ್ವ ನಗುತ್ತಿದ್ದಳು. ಮೊದಲು ಬಾಯಿಗೆ ಸೆರಗಿಟ್ಟುಕೊಂಡು, ಆಮೇಲೆ ಸೆರಗು ತೆಗೆದು. ಸಲೋಮಿಬಾಯಿಯೂ ಬುಟ್ಟಿ ಕೆಳಗಿಟ್ಟು ಗೋಡೆಗೆ ಒರಗಿದರು.

“ಮಾಸ್ತರ್, ಭಾಳ ಚಂದ ಮುಗದ್ರಿ ನೋಡ್ರಿ ಕೈ. ನನಗ ಹಂಗ ಬರಲಿಲ್ಲ” ಎಂದಳು ಕಾಶವ್ವ.

ನಾನು ಚಾದರವನ್ನು ಅವಳ ಕಡೆ ಚಾಚಿದೆ. ಅವಳು ಅಂಚು ತಿಕ್ಕಿ ನೋಡಿ ತಿರುಗಿ ಕೊಟ್ಟಳು. “ನಿಮಗ ಕೊಟ್ಟಾರ. ನೀವ ಹೊದಕೋರಿ.”

ಎರಡು ದಿನಕ್ಕೆ ಪೇಪರಿನಲ್ಲಿ ಬಂತು. ‘ನೆರೆಯಲ್ಲಿ ಸರ್ವಸ್ವ ಕಳೆದುಕೊಂಡ ವೃದ್ಧ ನೇಕಾರನಿಗೆ ಚಾದರ ವಿತರಣೆ.’ ನೇಕಾರ ಎಂದದ್ದಕ್ಕೆ ಬೇಸರವಾಗಲಿಲ್ಲ, ಆ ಹೆಸರಿಗೆ ನನಗೆ ಯೋಗ್ಯತೆ ಇರಲಿಲ್ಲ ಅಷ್ಟೆ. ವೃದ್ಧ ಎಂದದ್ದು ಮಾತ್ರ ಎದೆಗೆ ನಾಟಿತು. ರಾಡಿಯಲ್ಲೂ ನನ್ನ ಮೂಗಿನ ಗುರುತು ಹಿಡಿದ ನನ್ನ ತಂಗಿ ವಿಜಯಪುರದಿಂದ ಫೋನ್ ಮಾಡಿ ಅತ್ತಳು. ಓಣಿಯವರೊಬ್ಬರು ಬಾಗಿಲಿಗೆ ಒಂದು ಹಳೆಯ ಶರ್ಟು ತಂದರು, ಗುಂಡಿ ಕಿತ್ತದ್ದು. ಸನ್ಮಾನಿತ ಸಹೋದ್ಯೋಗಿ ಮನೆಗೆ ಬಂದು, “ತಾಲೂಕು ಸಮಿತಿಯವರೂ ನೋಡ್ಯಾರಂತ. ನಿಮಗ ಏನರ ಪರಿಹಾರ ಸಿಗತೈತೇನು ಅಂತ ವಿಚಾರ ಮಾಡಾಕತ್ತಾರ” ಎಂದರು. ಅರ್ಜಿಯನ್ನು ನಾನು ತುಂಬಲೇ ಇಲ್ಲ. ಧರ್ಮಬುದ್ಧಿಯಿಂದಲ್ಲ, ಅಂಟಿಸಲು ಇದ್ದದ್ದು ಅದೊಂದೇ ಫೋಟೋ.

ಗುಂಡಿಯಂತೂ ನಾಲ್ಕು ದಿನಕ್ಕೆ ಬರಿದಾಯಿತು. ಎರಡು ಕಟ್ಟಿಗೆ ಬಾಗಿದ್ದವು. ಓಣಿಯ ಬಡಗಿ ಬೇರೆ ಮಾಡಿ ಕೊಟ್ಟ. ತಿಂಗಳ ಮೇಲೆ ನಾನೂ ಸಲೋಮಿಬಾಯಿಯೂ ಹೋದಾಗ ಓಣಿಯ ತುದಿಗೇ ಲಾಳಿಯ ಸದ್ದು ಕೇಳಿಸಿತು. ಕಾಶವ್ವ ನೇಯುವುದನ್ನು ನಿಲ್ಲಿಸದೆಯೇ ಕೂತುಕೊಳ್ಳಿರೆಂದು ಗೋಣಿನಿಂದ ಸನ್ನೆ ಮಾಡಿದಳು. ಸಲೋಮಿಬಾಯಿ ಮಗ್ಗದ ಮೇಲಿದ್ದ ಸೀರೆಯ ಸೆರಗಿನ ಅಂಚನ್ನು ತಿಕ್ಕಿ ನೋಡಿ, ಬಹಳ ಹೊತ್ತು ಅಲ್ಲೇ ಕೈ ಇಟ್ಟುಕೊಂಡು ಕೂತಿದ್ದರು. ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದ್ದು. “ಏನ್ ಬೇಕಂತ ಮೊದಲ ಕೇಳಬೇಕಿತ್ರಿ ಮಾಸ್ತರ್. ನಾನೂ ಕೇಳಿರಲಿಲ್ಲ.”

ಈಗ ಸಲೋಮಿಬಾಯಿಯವರಿಗೆ ಮೊಣಕಾಲು ಬಗ್ಗುವುದಿಲ್ಲ. ಮನೆಯಲ್ಲೇ ಕೂತು ಫೋನಿನಲ್ಲಿ ನಮ್ಮನ್ನು ಆಳುತ್ತಾರೆ. ಶನಿವಾರದ ಗುಂಪನ್ನು ಕರೆದೊಯ್ಯುವುದು ನಾನು. ಸಂತನಾಗಿದ್ದೇನೆಂದು ತಿಳಿಯಬೇಡಿ. ಈಗಲೂ ಎಷ್ಟೋ ಶನಿವಾರ ಮುಂಜಾನೆ ಹೊಸ ಬ್ಯಾನಿಯೊಂದಕ್ಕಾಗಿ ಹುಡುಕಾಡುತ್ತೇನೆ.

ಹೋದ ವಾರ ಮುಧೋಳದ ವೃದ್ಧಾಶ್ರಮಕ್ಕೆ ಹೋಗಿದ್ದೆವು. ಅಲ್ಲಿ ಬಾಡಗಂಡಿ ಕಡೆಯ ಮಲ್ಲಪ್ಪ ಎಂಬ ಮುದುಕರಿದ್ದಾರೆ, ಆಯುಷ್ಯವೆಲ್ಲ ಗಾಡಿಯಲ್ಲಿ ಕಬ್ಬು ಹೇರಿದವರು. ನಿಮಗೇನು ಬೇಕು ಎಂದು ಕೇಳಿದೆ. ಹಣ್ಣೋ ಬಿಸ್ಕೀಟೋ ಎಂದಾರು ಎಂದುಕೊಂಡಿದ್ದೆ.

“ಕಾಲಿನ ಉಗುರ ತಗೀರಿ. ನನಗ ಬಗ್ಗಾಕ ಆಗೂದಿಲ್ಲ” ಎಂದರು.

ನೆಲದ ಮೇಲೆ ಕೂತು ಅವರ ಬಲಗಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಉಗುರುಗಳು ಕಬ್ಬಿನ ಗೆಣ್ಣಿನ ಹಾಗೆ ಗಟ್ಟಿ. ಸುಮಾರು ಅರ್ಧ ತಾಸು ಹಿಡಿಯಿತು. ಅಷ್ಟೂ ಹೊತ್ತು ಅವರು ತಮ್ಮ ಎತ್ತುಗಳ ಬಗ್ಗೆ ಹೇಳಿದರು. ಎಡಗಡೆಯ ಎತ್ತು ಸ್ವಲ್ಪ ಮೋಸಗಾರ, ಏರಿನಲ್ಲಿ ಭಾರವನ್ನು ಜೊತೆಯದರ ಮೇಲೆ ಬಿಡುತ್ತಿತ್ತಂತೆ. ನನ್ನ ಕುಲದ್ದೇ ಇರಬೇಕು ಎಂದುಕೊಂಡೆ. ಐದೂ ಬೆರಳು ಮುಗಿಸಿ ಎಡಗಾಲಿಗೆ ಕೈ ಚಾಚಿದರೆ ಅವರು ಕಾಲನ್ನು ಚಾದರದೊಳಗೆ ಎಳೆದುಕೊಂಡರು.

“ಇದು ಮುಂದಿನ ಶನಿವಾರ.”

“ಯಾಕ್ರಿ, ಇವತ್ತ ತಗದಬಿಡ್ತೀನಲ್ಲ.”

“ಎಲ್ಲಾ ಇವತ್ತ ತಗದ್ರ ಮುಂದಿನ ವಾರ ನೀವ್ಯಾಕ ಬರ್ತೀರಿ?”

ಉಗುರಿನ ಚೂರುಗಳನ್ನು ಗುಡಿಸಿಕೊಂಡು ಎದ್ದೆ. ನಾಳೆ ಶನಿವಾರ. ಮಳೆ ನಿಲ್ಲುವ ಲಕ್ಷಣವಿಲ್ಲ, ಮುಂಜಾನೆಯಿಂದ ಬೆನ್ನೂ ಖರೆಯಾಗಿಯೇ ಹಿಡಿದುಕೊಂಡಿದೆ. ಎಡಗಾಲು ಬಾಕಿ ಇದೆ. ಹೋಗುತ್ತೇನೆ.